ಟಿಕ್ ಫೀವರ್ ಅಂದರೆ ಯಾವುದು? ಮುಂಬೈ ಮಳೆಗಾಲ, ನಾಯಿ, ಬೆಕ್ಕು ಮತ್ತು ಗೋಡೆ ಹತ್ತುವ ಉಣ್ಣೆ (ಟಿಕ್)

ಪರೇಲ್ ಸ್ಲೈಡ್

ಮಳೆ ಹಿಡಿದ ಮೇಲೆ ನಮ್ಮ ಈ ಚರ್ಚಾ ಗುಂಪಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ನಾಯಿಗೆ ಟಿಕ್ ಫೀವರ್ ಅಂದಿದ್ದಾರೆ, ಡಾಕ್ಸಿ ಎಷ್ಟು ದಿನ?" ಡಾಕ್ಸಿ ಅಂದರೆ ಡಾಕ್ಸಿಸೈಕ್ಲಿನ್ ಆಂಟಿಬಯಾಟಿಕ್, ಅದರ ದಿನದ ಲೆಕ್ಕ ಆಮೇಲೆ. ಮೊದಲು ಡಾಕ್ಟರನ್ನು ಕೇಳಬೇಕಾದ್ದು, ಯಾವ ಟಿಕ್ ಫೀವರ್ ಅಂತ. ಮುಂಬೈ, ಪುಣೆ ಕಡೆ ಈ ಒಂದೇ ಹೆಸರಿನಡಿ ಬರುವ ರೋಗಾಣುಗಳು ಹಲವು. ಎರ್ಲಿಕಿಯಾ ಕ್ಯಾನಿಸ್ ಬಿಳಿ ರಕ್ತಕಣದೊಳಗೆ ಕೂರುವ ಬ್ಯಾಕ್ಟೀರಿಯಾ. ಬೇಬಿಸಿಯಾ ಗಿಬ್ಸೋನಿ ಮತ್ತು ಬೇಬಿಸಿಯಾ ವೋಗೆಲಿ ಕೆಂಪು ರಕ್ತಕಣ ಒಡೆಯುವ ಪರಾವಲಂಬಿಗಳು, ಮಲೇರಿಯಾದ ದೂರದ ನೆಂಟರು. ಹೆಪಟೊಜೂನ್ ಕ್ಯಾನಿಸ್ ಬರುವ ದಾರಿಯೇ ಬೇರೆ: ಉಣ್ಣೆ ಕಚ್ಚಿದರೆ ಬರುವುದಿಲ್ಲ, ನಾಯಿ ಉಣ್ಣೆಯನ್ನು ಕಚ್ಚಿ ನುಂಗಿದರೆ ಬರುತ್ತದೆ.

ಇಷ್ಟಕ್ಕೂ ಒಂದೇ ಮದ್ದು ಇಲ್ಲ. ಡಾಕ್ಸಿಸೈಕ್ಲಿನ್ ಎರ್ಲಿಕಿಯಾಕ್ಕೆ ಚೆನ್ನಾಗಿ ನಾಟುತ್ತದೆ, ಗಿಬ್ಸೋನಿ ಅದೊಂದರಿಂದ ಹೋಗುವುದಿಲ್ಲ. ಇಮಿಡೊಕಾರ್ಬ್ ಇಂಜೆಕ್ಷನ್ ವೋಗೆಲಿಗೆ ಸರಿ. ಗಿಬ್ಸೋನಿಗೆ ಕೊಟ್ಟರೆ ನಾಲ್ಕು ದಿನ ಚೇತರಿಸಿಕೊಂಡಂತೆ ಕಂಡು ಮತ್ತೆ ಮಲಗುತ್ತದೆ.

ಕಿಟ್ ಪರೀಕ್ಷೆಯಲ್ಲೂ ಎಡವಟ್ಟು ಇದೆ. ಕ್ಲಿನಿಕ್‌ನಲ್ಲೇ ಹತ್ತು ನಿಮಿಷದಲ್ಲಿ ಮಾಡುವ ಫೋರ್-ಡಿಎಕ್ಸ್ ಕಿಟ್‌ನಲ್ಲಿ ಬೇಬಿಸಿಯಾ ಪರೀಕ್ಷೆಯೇ ಇಲ್ಲ. ಅದು ನೆಗೆಟಿವ್ ಬಂತು, ಟಿಕ್ ಫೀವರ್ ಇಲ್ಲ ಅಂತ ಮನೆಗೆ ಬಂದವರ ನಾಯಿಯ ಒಸಡು ಐದನೇ ದಿನಕ್ಕೆ ಸುಣ್ಣದಂತೆ ಬಿಳಚಿಕೊಂಡಿರುತ್ತದೆ. ಎರ್ಲಿಕಿಯಾದ ವಿಷಯದಲ್ಲೂ ಆ ಕಿಟ್ ನೋಡುವುದು ಪ್ರತಿಕಾಯವನ್ನು (ಆಂಟಿಬಾಡಿ). ಹೊಸ ಸೋಂಕಿನ ಮೊದಲ ಎರಡು ಮೂರು ವಾರ ಅದು ಇನ್ನೂ ಎದ್ದಿರುವುದಿಲ್ಲ. ಗುಣವಾದ ಮೇಲೆ ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ವರ್ಷಗಟ್ಟಲೆ ಪಾಸಿಟಿವ್ ತೋರಿಸುತ್ತಲೇ ಇರುತ್ತದೆ.

ಅಗ್ಗದಲ್ಲಿ ಹೆಚ್ಚು ಹೇಳುವುದು ಬ್ಲಡ್ ಸ್ಮಿಯರ್, ಅಂದರೆ ರಕ್ತದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಅದನ್ನು ಕಿವಿಯ ತುದಿಯಿಂದ ಬಂದ ಹನಿಯಲ್ಲಿ ಮಾಡಿಸಿ. ಬೇಬಿಸಿಯಾ ಹೊತ್ತ ಕಣಗಳು ಸಣ್ಣ ರಕ್ತನಾಳಗಳಲ್ಲಿ ಹೆಚ್ಚು ತಂಗುತ್ತವೆ, ಕಾಲಿನ ರಕ್ತದಲ್ಲಿ ಸಿಗದ್ದು ಅಲ್ಲಿ ಸಿಗುವ ಸಂಭವ ಜಾಸ್ತಿ.

ಇನ್ನು ಮುಂಬೈನ ಹವೆಯ ಮಾತು. ಜುಲೈಯಲ್ಲಿ ಗಾಜಿನ ಮೇಲೆ ಎಳೆದ ರಕ್ತ ಬೇಗ ಒಣಗುವುದಿಲ್ಲ. ನಿಧಾನ ಒಣಗಿದರೆ ಕೆಂಪು ಕಣಗಳೊಳಗೆ ಮಿಣುಕುವ ಚುಕ್ಕೆಗಳು ಏಳುತ್ತವೆ, ಕಲಿಯುವವರು ಅವನ್ನೇ ಬೇಬಿಸಿಯಾ ಅಂತ ಬರೆದುಬಿಡುತ್ತಾರೆ. ಸ್ಮಿಯರನ್ನು ಗಾಜಿಗೆ ಕೂರಿಸುವ ಮೆಥನಾಲ್ ಮುಚ್ಚಳ ಸಡಿಲವಿದ್ದು ತೇವ ಹೀರಿದರೂ ಇದೇ ಕಥೆ. ಸ್ಮಿಯರ್ ಎಳೆದ ಕೂಡಲೇ ಫ್ಯಾನಿನ ಎದುರು ಅಥವಾ ಹೇರ್ ಡ್ರೈಯರ್‌ನ ತಣ್ಣನೆ ಗಾಳಿಗೆ ಹಿಡಿಯಬೇಕು. ಫೋಕಸ್ ಮೇಲೆ ಕೆಳಗೆ ಮಾಡಿದಾಗ ಹೊಳೆದು ಮಾಯವಾಗುವ ಚುಕ್ಕೆ ನೀರಿನದು. ಬಣ್ಣ ಹಿಡಿದು, ನೇರಳೆ ಚುಕ್ಕೆ ಹೊತ್ತ ಉಂಗುರದಂತೆ ನಿಂತರೆ ಗಿಬ್ಸೋನಿ. ಪೇರಳೆ ಆಕಾರದ ದೊಡ್ಡ ಜೋಡಿ ಸಿಕ್ಕರೆ ವೋಗೆಲಿ.

ಮುಲುಂಡ್ ವೆಟ್

ಸ್ಲೈಡ್ ಸಾಹೇಬರು ಹೇಳಿದ್ದೆಲ್ಲ ಸರಿ. ಆದರೆ ಇದನ್ನು ಓದಿ "ರಿಪೋರ್ಟ್ ಬರುವವರೆಗೆ ಏನೂ ಕೊಡುವುದಿಲ್ಲ" ಅಂತ ಯಾರೂ ಕೂರಬೇಡಿ. ರಾತ್ರಿ ಹತ್ತಕ್ಕೆ 104 ಡಿಗ್ರಿ ಜ್ವರ, ಪ್ಲೇಟ್‌ಲೆಟ್ 40 ಸಾವಿರ ಇರುವ ನಾಯಿಗೆ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಫಲಿತಾಂಶಕ್ಕಾಗಿ ಎರಡು ದಿನ ಕಾಯಲು ಆಗುವುದಿಲ್ಲ. ಮೊದಲ ಡೋಸಿಗೆ ಮುಂಚೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದಿಡಿ, ಎರಡು ಸ್ಮಿಯರ್ ಎಳೆಯಿರಿ, ಆಮೇಲೆ ಡಾಕ್ಸಿ ಶುರುಮಾಡಿ. ಮದ್ದು ಬಿದ್ದ ಮೇಲೆ ತೆಗೆದ ರಕ್ತದಲ್ಲಿ ಪಿಸಿಆರ್ ಕೂಡ ಮೋಸ ಮಾಡಬಹುದು.

ಡೋಸ್ ದಿನಕ್ಕೆ ಕಿಲೋಗೆ 10 ಮಿ.ಗ್ರಾಂ, ಒಂದೇ ಸಲ ಅಥವಾ ಎರಡು ಪಾಲು. 28 ಕಿಲೋ ಲ್ಯಾಬ್ರಡಾರ್‌ಗೆ ಸುಮಾರು 300 ಮಿ.ಗ್ರಾಂ. ಅವಧಿ 28 ದಿನ. ಎರ್ಲಿಕಿಯಾ ಆಗಿದ್ದರೆ ಒಂದೆರಡು ದಿನದಲ್ಲೇ ಜ್ವರ ಇಳಿದು ಊಟ ಶುರುವಾಗುತ್ತದೆ. ಎಡವಟ್ಟಾಗುವುದು ಅಲ್ಲೇ: ಹತ್ತನೇ ದಿನ ನಾಯಿ ಬಾಲ ಅಲ್ಲಾಡಿಸುತ್ತಿದೆ ಅಂತ ಮಾತ್ರೆ ನಿಲ್ಲಿಸುತ್ತಾರೆ. ಉಳಿದ ಸೋಂಕು ಎಷ್ಟೋ ತಿಂಗಳು ಸುಮ್ಮನಿದ್ದು, ಆಮೇಲೆ ಎಲುಬಿನ ಮಜ್ಜೆಯನ್ನೇ ಹಿಡಿದರೆ ಆಗ ಮಾಡಲು ಉಳಿಯುವುದು ಕಡಿಮೆ. ಮೂರು ದಿನ ಡಾಕ್ಸಿ ಸರಿಯಾಗಿ ಹೊಟ್ಟೆಗೆ ಹೋಗಿಯೂ ಜ್ವರ ಇಳಿಯದಿದ್ದರೆ ಡೋಸ್ ಏರಿಸಬೇಡಿ, ಸ್ಲೈಡ್ ಮತ್ತೆ ನೋಡಿಸಿ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ್ದು: ಮಾತ್ರೆಯನ್ನು ಮೊಸರನ್ನದಲ್ಲಿ ಹುದುಗಿಸಿ ಕೊಡಬೇಡಿ. ಹಾಲು, ಮೊಸರು, ಪನೀರಿನ ಕ್ಯಾಲ್ಸಿಯಂ ಡಾಕ್ಸಿಯನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ. ಕಬ್ಬಿಣದ ಟಾನಿಕ್, ಆಂಟಾಸಿಡ್, ಸುಕ್ರಾಲ್ಫೇಟ್ ಕೂಡ ಹಾಗೆಯೇ, ಎರಡು ಗಂಟೆ ಅಂತರ ಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಅನ್ನ, ಚಿಕನ್ ಸಾರು ಸಾಕು.

ಘಾಟ್‌ಕೋಪರ್ ಕರಾವಳಿ

ಪ್ಲೇಟ್‌ಲೆಟ್ ಸಂಖ್ಯೆ ನೋಡಿ ಹೆದರುವವರಿಗೆ ಒಂದು ವಿಷಯ ಉಂಟು ಮಾರಾಯ್ರೆ. ಮಿಷನ್ 25 ಸಾವಿರ ಅಂತ ಕೊಟ್ಟರೆ ಅದು ನಿಜವಾಗಿ ಅಷ್ಟೇ ಇರಬೇಕು ಅಂತ ಇಲ್ಲ. ರಕ್ತ ತೆಗೆಯುವಾಗ ಸೂಜಿ ಆಚೀಚೆ ಆದರೆ, ಟ್ಯೂಬನ್ನು ಕೂಡಲೇ ಮೆಲ್ಲಗೆ ತಿರುಗಿಸದಿದ್ದರೆ ಪ್ಲೇಟ್‌ಲೆಟ್ ಗುಂಪುಗಟ್ಟುತ್ತದೆ, ಮಿಷನ್‌ಗೆ ಗುಂಪು ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ಸ್ಲೈಡಿನಲ್ಲಿ ಎಣಿಸಬಹುದಾ?

ಪರೇಲ್ ಸ್ಲೈಡ್

ಎಣಿಸಬಹುದು, ಎಣಿಸಲೇಬೇಕು. ಮೈಕ್ರೋಸ್ಕೋಪಿನ 100ರ ಆಯಿಲ್ ಲೆನ್ಸಿನಲ್ಲಿ ಹತ್ತು ಫೀಲ್ಡ್ (ಒಮ್ಮೆಗೆ ಕಾಣುವ ವೃತ್ತ) ನೋಡಿ ಸರಾಸರಿ ತೆಗೆದು 15 ಸಾವಿರದಿಂದ ಗುಣಿಸಿ. ಫೀಲ್ಡಿಗೆ 2 ಅಂದರೆ 30 ಸಾವಿರದ ಆಸುಪಾಸು, 10 ಅಂದರೆ ಒಂದೂವರೆ ಲಕ್ಷ. ಅದಕ್ಕೂ ಮೊದಲು ಸ್ಮಿಯರಿನ ಬಾಲದ ತುದಿ ನೋಡಬೇಕು, ಗುಂಪುಗಳು ಅಲ್ಲಿಗೆ ಹೋಗಿ ಸೇರಿರುತ್ತವೆ. ಅಲ್ಲಿ ಗುಂಪು ಕಂಡರೆ ಮಿಷನ್ ಸಂಖ್ಯೆ ಬಿಟ್ಟುಬಿಡಿ. ನಿಜವಾಗಿಯೂ 30 ಸಾವಿರಕ್ಕಿಂತ ಕೆಳಗಿದ್ದರೆ ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಬರಬಹುದು. ಆಗ ಕುತ್ತಿಗೆಯ ದೊಡ್ಡ ನಾಳದಿಂದ ರಕ್ತ ತೆಗೆಯುವುದು ಬೇಡ.

ನಿಗಡಿ ಗೌಡ

ಗಿಬ್ಸೋನಿಗೆ ಏನು ಕೊಡುತ್ತಾರೆ ಅಂತ ಯಾರೂ ಬರೆದಿಲ್ಲ. ಪುಣೆಯಲ್ಲಿ ಅದೇ ದೊಡ್ಡ ತಲೆನೋವು.

ಪುಸ್ತಕದ ಮದ್ದು ಅಟೊವಾಕ್ವೋನ್ ಕಿಲೋಗೆ 13.3 ಮಿ.ಗ್ರಾಂ ಎಂಟು ಗಂಟೆಗೊಮ್ಮೆ, ಜೊತೆಗೆ ಅಜಿತ್ರೊಮೈಸಿನ್ ಕಿಲೋಗೆ 10 ಮಿ.ಗ್ರಾಂ ದಿನಕ್ಕೊಮ್ಮೆ, ಎರಡೂ 10 ದಿನ. ಅಟೊವಾಕ್ವೋನ್ ಕೊಬ್ಬಿನ ಜೊತೆಗೇ ರಕ್ತ ಸೇರುವುದು, ಆದ್ದರಿಂದ ಪ್ರತಿ ಡೋಸಿಗೂ ತುಪ್ಪ ಅಥವಾ ಮೊಟ್ಟೆಯ ಹಳದಿ ಬೇಕು. ಒಣ ಬಿಸ್ಕತ್ತಿನ ಜೊತೆ ಕೊಟ್ಟು ಮದ್ದು ಕೆಲಸ ಮಾಡಲಿಲ್ಲ ಅನ್ನುವವರು ಬಹಳ. ಮೆಡಿಕಲ್‌ನಲ್ಲಿ ಸಿಗುವ ಮನುಷ್ಯರ ಮಲೇರಿಯಾ ಮಾತ್ರೆಯಲ್ಲಿ ಪ್ರೊಗ್ವಾನಿಲ್ ಬೆರೆತಿರುತ್ತದೆ, ನಾಯಿಗೆ ಅದರಿಂದ ವಾಂತಿ ಜಾಸ್ತಿ. ದುಬಾರಿ ಅಂತ ಕೆಲವರು ಕ್ಲಿಂಡಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿ ಮೂರನ್ನೂ ಸೇರಿಸಿ ಕೊಡುತ್ತಾರೆ. ಅದು ನಿಧಾನ, ವಾರಗಟ್ಟಲೆ ನಡೆಯುತ್ತದೆ.

ಬೇಬಿಸಿಯಾಕ್ಕೆ ಹಾಕುವ ಡಿಮಿನಜೀನ್ ಇಂಜೆಕ್ಷನ್ ಬಗ್ಗೆ ಎಚ್ಚರ. ಕಿಲೋಗೆ 3.5 ಮಿ.ಗ್ರಾಂ, ಒಂದೇ ಸಲ. ಮಾಮೂಲಿ ಡೋಸಿಗೂ ಅಪಾಯದ ಡೋಸಿಗೂ ಅಂತರ ಬಹಳ ಕಡಿಮೆ. ಎರಡು ದಿನ ಬಿಟ್ಟು ಇನ್ನೊಂದು ಹಾಕಿಸಿದರೆ ನಾಯಿ ತಲೆ ವಾಲಿಸಿ, ನಡಿಗೆ ತಪ್ಪಿ, ಮಿದುಳಲ್ಲಿ ರಕ್ತಸ್ರಾವವಾಗಿ ಹೋಗಬಹುದು. ಇಮಿಡೊಕಾರ್ಬ್‌ಗೆ ಮುಂಚೆ ಅಟ್ರೊಪಿನ್ ಹಾಕುವುದು ಜೊಲ್ಲು, ವಾಂತಿ, ಭೇದಿ ತಡೆಯಲು. ಕ್ಲಿನಿಕ್‌ನಲ್ಲಿ ಅದನ್ನು ಬಿಟ್ಟರೆ ನೆನಪಿಸಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಗಿಬ್ಸೋನಿ ಉಣ್ಣೆ ಇಲ್ಲದೆಯೂ ಬರುತ್ತದೆ. ನಾಯಿಗಳು ಕಚ್ಚಾಡಿದಾಗ ಗಾಯದಿಂದ, ತಾಯಿಯಿಂದ ಹೊಟ್ಟೆಯಲ್ಲಿರುವ ಮರಿಗೆ, ಪರೀಕ್ಷಿಸದ ದಾನಿಯ ರಕ್ತದಿಂದ. ಮದ್ದು ಮುಗಿದು 60 ಮತ್ತು 90 ದಿನಕ್ಕೆ ಪಿಸಿಆರ್ ಮಾಡಿಸಿ, ಎರಡೂ ನೆಗೆಟಿವ್ ಬಂದರೂ ಆ ನಾಯಿಯನ್ನು ರಕ್ತದಾನಕ್ಕೆ ಒಯ್ಯುವ ಯೋಚನೆ ಬೇಡ.

ಡೊಂಬಿವಲಿ ಅಕ್ಕ

ಮದ್ದಿನ ಮಾತು ಸಾಕಷ್ಟಾಯಿತು, ಮನೆಯ ಮಾತಿಗೆ ಬನ್ನಿ. ನಾಯಿಯ ಮೈಮೇಲೆ ಕಾಣುವ ಉಣ್ಣೆ ಒಟ್ಟು ಸಂಖ್ಯೆಯಲ್ಲಿ ಸಣ್ಣ ಪಾಲು. ಈ ಕಂದು ಉಣ್ಣೆ, ಮರಾಠಿಯವರ ಗೋಚೀಡ್, ಮನೆಯೊಳಗೇ ಸಂಸಾರ ಹೂಡುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗುದುರಿ ಗೋಡೆ ಹತ್ತಿ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿ, ಎಳೆಯದು, ದೊಡ್ಡದು ಮೂರೂ ಹಂತದಲ್ಲಿ ಒಮ್ಮೊಮ್ಮೆ ನಾಯಿಗೆ ಹತ್ತಿ, ಇಳಿದು, ಪೊರೆ ಕಳಚುತ್ತದೆ. ದೊಡ್ಡ ಉಣ್ಣೆ ಏನೂ ಕುಡಿಯದೆ ವರ್ಷವೂ ಬದುಕಬಲ್ಲದು. "ಊರಿಗೆ ಎರಡು ತಿಂಗಳು ಹೋಗಿದ್ದೆವು, ಮನೆ ಖಾಲಿ ಇತ್ತು, ಎಲ್ಲ ಸತ್ತಿರುತ್ತದೆ" ಅನ್ನುವುದು ಸುಳ್ಳು.

ಹುಡುಕುವ ಜಾಗ: ಸ್ಕರ್ಟಿಂಗ್ ಟೈಲ್ಸ್ ಹಿಂದೆ, ಸ್ವಿಚ್ ಬೋರ್ಡ್ ಅಂಚು, ಪರದೆಯ ಮೇಲ್ಮಡಿಕೆ, ಸೋಫಾದ ಹೊಲಿಗೆ, ಕಿಟಕಿಯ ಸ್ಲೈಡಿಂಗ್ ಹಳಿ, ದೇವರ ಮಂಟಪದ ಹಿಂಬದಿ. ಟಾರ್ಚ್ ಹಿಡಿದು ಮೇಲಿನಿಂದ ಕೆಳಗೆ ನೋಡಿ, ಇವು ಮೇಲಕ್ಕೆ ಹತ್ತುವ ಜಾತಿ.

ಮಾಡುವ ಕೆಲಸ: ವ್ಯಾಕ್ಯೂಮ್‌ಗೆ ಸಂದಿಯ ಚಪ್ಪಟೆ ಮೂತಿ ಹಾಕಿ ಎಳೆಯಿರಿ, ಚೀಲವನ್ನು ಗಂಟು ಕಟ್ಟಿ ಅದೇ ದಿನ ಹೊರಗೆ ಹಾಕಿ. ನಾಯಿಯ ಹಾಸಿಗೆ ಬಟ್ಟೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಗೋಡೆಯ ಬಿರುಕಿಗೆ ವೈಟ್ ಸಿಮೆಂಟ್ ಅಥವಾ ಸಿಲಿಕೋನ್ ತುಂಬಿಸಿ. ಇದನ್ನು ಮಾಡದೆ ಬರೀ ಸ್ಪ್ರೇ ಹೊಡೆಸಿದರೆ ದುಡ್ಡು ದಂಡ, ಮೊಟ್ಟೆಯ ಮೇಲೆ ಸ್ಪ್ರೇ ನಡೆಯುವುದಿಲ್ಲ. ಎರಡು ಮೂರು ವಾರ ಬಿಟ್ಟು ಮೊಟ್ಟೆ ಒಡೆದ ಮೇಲೆ ಎರಡನೇ ಸ್ಪ್ರೇ ಆಗಲೇಬೇಕು. ಪೆಸ್ಟ್ ಕಂಟ್ರೋಲ್‌ನವರು ಒಂದೇ ಸಲಕ್ಕೆ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಮೈಮೇಲಿರುವುದನ್ನು ಕೀಳುವಾಗ ಚೂಪು ಮೂತಿಯ ಚಿಮಟಿಯಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಊದುಬತ್ತಿ ಕಿಡಿ ಯಾವುದೂ ಬೇಡ. ಬೆರಳಲ್ಲಿ ಹಿಸುಕುವುದಂತೂ ಬೇಡವೇ ಬೇಡ, ಇದೇ ಉಣ್ಣೆ ಮನುಷ್ಯರಿಗೆ ಟಿಕ್ ಟೈಫಸ್ ಎಂಬ ಜ್ವರ ಹರಡುತ್ತದೆ. ಸ್ಪಿರಿಟ್ ಬಾಟಲಿಗೆ ಹಾಕಿ. ಹೊಗೆಸೊಪ್ಪಿನ ನೀರಿನಲ್ಲಿ ಸ್ನಾನ ಮಾಡಿಸಿದರೆ ನಾಯಿ ಮೈ ನೆಕ್ಕಿ ನಿಕೋಟಿನ್ ವಿಷಕ್ಕೆ ಬೀಳುತ್ತದೆ. ಅಜ್ಜಿಯ ಕಾಲದ ಮದ್ದು ಅಂತ ಮಾಡಬೇಡಿ.

ಮುಲುಂಡ್ ವೆಟ್

ಅಕ್ಕ ಬರೆದದ್ದಕ್ಕೆ ಒಂದು ಸೇರ್ಪಡೆ. ಮನೆಯ ಉಣ್ಣೆ ತೆಗೆಯುವ ಆ ವಾರಗಳಲ್ಲಿ ನಾಯಿಯನ್ನು ಬೇರೆ ಮನೆಗೆ ಕಳಿಸಬೇಡಿ. ಮದ್ದು ತಿಂದ ನಾಯಿಯೇ ಒಳ್ಳೆಯ ಬಲೆ. ಗೋಡೆಯಲ್ಲಿರುವ ಉಣ್ಣೆ ಬಂದು ಕಚ್ಚುತ್ತದೆ, ಸಾಯುತ್ತದೆ. ಫ್ಲುರಲೇನರ್ ಅಗಿಯುವ ಮಾತ್ರೆ 12 ವಾರಕ್ಕೊಂದು (20ರಿಂದ 40 ಕಿಲೋ ನಾಯಿಗೆ 1000 ಮಿ.ಗ್ರಾಂ), ಅಫಾಕ್ಸೊಲೇನರ್ ತಿಂಗಳಿಗೊಂದು (25ರಿಂದ 50 ಕಿಲೋಗೆ 136 ಮಿ.ಗ್ರಾಂ). ಫ್ಲುರಲೇನರ್ ಊಟದ ಜೊತೆಗೇ ಕೊಡಿ. ಮನೆಯಲ್ಲಿ ಉಣ್ಣೆ ಸೇರಿದ್ದರೆ ಕನಿಷ್ಠ ಆರು ತಿಂಗಳು ತಪ್ಪಿಸಬೇಡಿ.

"ಮಾತ್ರೆ ಕೊಟ್ಟ ಮೇಲೂ ಉಣ್ಣೆ ಕಾಣುತ್ತಿದೆ, ನಕಲಿ ಮಾಲು" ಅನ್ನುವ ದೂರು ಬಹಳ. ಈ ಮದ್ದು ಓಡಿಸುವುದಿಲ್ಲ, ಕಚ್ಚಿದ ಮೇಲೆ ಕೊಲ್ಲುತ್ತದೆ, ಒಂದೆರಡು ದಿನ ಹಿಡಿಯುತ್ತದೆ. ಕಂಡ ಉಣ್ಣೆ ಒಣಗಿ ಕಾಲು ಮಡಚಿಕೊಂಡಿದ್ದರೆ ಮದ್ದು ಕೆಲಸ ಮಾಡುತ್ತಿದೆ. ಆದರೆ ಎರ್ಲಿಕಿಯಾ ಕಚ್ಚಿದ ಮೂರು ಗಂಟೆಯಲ್ಲೇ ದಾಟಬಲ್ಲದು. ಅದಕ್ಕೇ ಮಾತ್ರೆಯ ಮೇಲೆ ಪೂರ್ತಿ ಭಾರ ಹಾಕದೆ ಫ್ಲುಮೆಥ್ರಿನ್-ಇಮಿಡಾಕ್ಲೋಪ್ರಿಡ್ ಕುತ್ತಿಗೆ ಪಟ್ಟಿಯನ್ನೂ ಹಾಕಿಸಿ ಅನ್ನುವುದು. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ.

ಮಾಟುಂಗಾ ಮಾರ್ಜಾಲ

ನಾಯಿ, ಬೆಕ್ಕು ಎರಡೂ ಇರುವ ಮನೆಯವರು ಇಲ್ಲಿ ಓದಿ.

ಪರ್ಮೆಥ್ರಿನ್ ಇರುವ ನಾಯಿಯ ಹನಿಮದ್ದು ಬೆಕ್ಕಿಗೆ ವಿಷ. ನೇರ ಹಾಕಬೇಕೆಂದಿಲ್ಲ, ಹಾಕಿದ ನಾಯಿಯ ಪಕ್ಕ ಮಲಗಿ ಅದರ ಮೈ ನೆಕ್ಕಿದರೂ ನಡುಕ, ಸೆಳೆತ ಶುರುವಾಗುತ್ತದೆ. ಅಮಿಟ್ರಾಜ್ 12.5% ದ್ರಾವಣವೂ ಬೆಕ್ಕಿಗೆ ಬೇಡ. ನಾಯಿಗೆ ಅದನ್ನು ಲೀಟರಿಗೆ 2 ಮಿ.ಲೀ. ಬೆರೆಸಿ ಹಚ್ಚುವವರು, ಮೈ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ. ಸಕ್ಕರೆ ಕಾಯಿಲೆಯ ನಾಯಿಗೂ ಅಮಿಟ್ರಾಜ್ ಕೂಡದು. ಮನೆಯಲ್ಲಿ ಮೊಲ ಇದ್ದರೆ ಅದಕ್ಕೆ ಫಿಪ್ರೊನಿಲ್ ಮುಟ್ಟಿಸಬೇಡಿ, ಸಾಯುತ್ತದೆ. ಬೆಕ್ಕಿಗೆ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿ ಸರಿ. ಕೂದಲು ಬಿಡಿಸಿ ಕತ್ತಿನ ಹಿಂದೆ ಚರ್ಮದ ಮೇಲೆ ಬೀಳಬೇಕು, ಕೂದಲ ಮೇಲೆ ಸುರಿದರೆ ವ್ಯರ್ಥ. ಫಿಪ್ರೊನಿಲ್‌ಗೆ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಇಲ್ಲ.

ಹೊರಗೇ ಹೋಗದ ಬೆಕ್ಕಿನ ಬಾಲದಡಿ ಅಕ್ಕಿಕಾಳಿನಂಥದ್ದು ಅಂಟಿದ್ದರೆ ಅದು ಡಿಪಿಲಿಡಿಯಮ್ ಲಾಡಿಹುಳುವಿನ ತುಂಡು. ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗಿ ಬಂದದ್ದು, ಚಿಗಟ ತಂದದ್ದು ನಾಯಿ. ಪ್ರಾಜಿಕ್ವಾಂಟೆಲ್ ಕಿಲೋಗೆ 5 ಮಿ.ಗ್ರಾಂ ಒಂದೇ ಸಲ ಸಾಕು, ಆದರೆ ಚಿಗಟ ಉಳಿದರೆ ಮೂರು ವಾರಕ್ಕೆ ಮತ್ತೆ ಅಕ್ಕಿಕಾಳು. ಪೈರಾಂಟೆಲ್ ಸಿರಪ್ ದುಂಡುಹುಳು, ಕೊಕ್ಕೆಹುಳುಗಳಿಗೆ, ಲಾಡಿಹುಳುವಿಗಲ್ಲ. ಮಕ್ಕಳ ಅಲ್ಬೆಂಡಜೋಲ್ ಮಾತ್ರೆಯನ್ನು ಮುರಿದು ಕೊಡುವ ಅಭ್ಯಾಸ ಬಿಡಿ, ಮಜ್ಜೆಗೆ ಪೆಟ್ಟು. ಅದರ ಬದಲು ಫೆನ್‌ಬೆಂಡಜೋಲ್ ಕಿಲೋಗೆ 50 ಮಿ.ಗ್ರಾಂ, ಮೂರು ದಿನ.

ಬೆಕ್ಕಿಗೆ ಡಾಕ್ಸಿ ಮಾತ್ರೆ ಬರೆದರೆ ಒಣ ಮಾತ್ರೆ ನುಂಗಿಸಿ ಬಿಡಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣಾಗಿ, ನಾಳವೇ ಕಿರಿದಾಗುತ್ತದೆ. ಹಿಂದೆಯೇ ಸಿರಿಂಜಿನಿಂದ 6 ಮಿ.ಲೀ. ನೀರು. ಜ್ವರಕ್ಕೆ ಪ್ಯಾರಾಸಿಟಮಾಲ್ ಬೆಕ್ಕಿಗೆ ಒಂದು ಮಾತ್ರೆಯೇ ಸಾವು. ನಾಯಿಗೆ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಕೊಟ್ಟರೆ ಹೊಟ್ಟೆಯಲ್ಲಿ ರಕ್ತ, ಮೊದಲೇ ಪ್ಲೇಟ್‌ಲೆಟ್ ಇಲ್ಲದ ನಾಯಿಗೆ ಕೇಳಬೇಕೇ.

ಠಾಣೆ ಸೊಸೈಟಿ

ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕು ಬಿಡಿಸಬೇಕು ಅಂತ ಹಿರಿಯರು ಹಟ ಹಿಡಿದರೆ ಏನು ಹೇಳುವುದು?

ಮಾಟುಂಗಾ ಮಾರ್ಜಾಲ

ಭಯ ಇರುವುದು ಟಾಕ್ಸೊಪ್ಲಾಸ್ಮಾದ್ದು, ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡಬಲ್ಲ ಪರಾವಲಂಬಿ. ಅದು ಬೆಕ್ಕಿನ ಮಲದಲ್ಲಿ ಬರುವುದು ಸಾಮಾನ್ಯವಾಗಿ ಬೆಕ್ಕಿಗೆ ಮೊದಲ ಸಲ ಸೋಂಕಾದಾಗ, ಒಂದರಿಂದ ಮೂರು ವಾರ. ಬಂದ ಮೊಟ್ಟೆ ಕೂಡಲೇ ಸೋಂಕು ಹರಡುವುದಿಲ್ಲ, ಹೊರಗೆ ಒಂದರಿಂದ ಐದು ದಿನ ಬಲಿಯಬೇಕು. ಆದ್ದರಿಂದ ಲಿಟರ್ ಟ್ರೇಯನ್ನು ದಿನಾ, ಬೇರೆಯವರು, ಕೈಗವಸು ಹಾಕಿ ತೆಗೆದರೆ ಆಯಿತು. ಬೆಕ್ಕಿಗೆ ಹಸಿ ಮಾಂಸ ಬೇಡ, ಇಲಿ ಹಿಡಿಯಲು ಬಿಡಬೇಡಿ. ಅರ್ಧ ಬೆಂದ ಮಟನ್, ತೊಳೆಯದ ಕೊತ್ತಂಬರಿ, ಬಾಲ್ಕನಿ ಕುಂಡದ ಮಣ್ಣು ಇವೂ ದಾರಿಗಳೇ, ಬೆಕ್ಕನ್ನು ಓಡಿಸಿದ ಮಾತ್ರಕ್ಕೆ ಅವು ಮುಚ್ಚುವುದಿಲ್ಲ. ಡಾಕ್ಟರ ಬಳಿ ಐಜಿಜಿ, ಐಜಿಎಂ ರಕ್ತಪರೀಕ್ಷೆ ಮಾಡಿಸಿ ರಿಪೋರ್ಟನ್ನು ಹಿರಿಯರ ಮುಂದಿಡಿ.

ವಾಸ್ಕೊ ಧಾರವಾಡಿ

ಗೋವಾದಿಂದ ಘಟ್ಟದ ಕಡೆ ನಾಯಿ ಕರಕೊಂಡು ಹೋಗೋ ಮಂದಿ ಕೇಳೋ ಪ್ರಶ್ನೆ ಒಂದದ: ಮಂಗನ ಕಾಯಿಲೆ ಈ ಉಣ್ಣಿಯಿಂದ ಬರತದೇನು? ಇಲ್ರಿ. 1957ರಾಗ ಶಿವಮೊಗ್ಗ ಕಡೆ ಕ್ಯಾಸನೂರಿನಾಗ ಗೊತ್ತಾದ ಆ ರೋಗಕ್ಕ ಹಿಮಾಫೈಸಾಲಿಸ್ ಅನ್ನೋ ಕಾಡಿನ ಉಣ್ಣಿ ಮುಖ್ಯ ಕಾರಣ. ಗೋವಾದ ಸತ್ತರಿ ತಾಲೂಕಿನಾಗ 2015ರಿಂದ ಅದ. ಆದ್ರ ನಾಯಿ ಅಡವಿ ಎಲಿಯಾಗ ಹೊರಳಾಡಿ ಅಂಥ ಉಣ್ಣಿ ಮನಿಗೆ ಹೊತ್ತು ತರಬಹುದು, ತಿರುಗಿ ಬಂದ ಮ್ಯಾಲೆ ಕಿವಿ ಒಳಗ, ಕಾಲಬೆರಳ ಸಂದ್ಯಾಗ ನೋಡ್ರಿ.

ಬೀಚಿನ ಮರಳಿನಾಗ ಬರಿಗಾಲಿಲೆ ಅಡ್ಡಾಡಿದವರಿಗೆ ಪಾದದ ಮ್ಯಾಲೆ ಹಾವಿನಂಗ ಹರಿಯೋ ಕೆಂಪು ತುರಿಕಿ ಗೆರಿ ಬಂದ್ರ ಅದು ನಾಯಿಯ ಕೊಕ್ಕೆಹುಳದ ಮರಿ. ಚರ್ಮದ ಡಾಕ್ಟರಿಗೆ ತೋರಸ್ರಿ.

ಘಾಟ್‌ಕೋಪರ್ ಕರಾವಳಿ

ಬೀದಿನಾಯಿಗೆ ಊಟ ಹಾಕುವವರು ಪನೀರಿನಲ್ಲಿ ಐವರ್ಮೆಕ್ಟಿನ್ ಹನಿ ಹಾಕಿ ಕೊಡುವುದನ್ನು ನಿಲ್ಲಿಸಿ ಮಾರಾಯ್ರೆ. ದನದ 1% ಇಂಜೆಕ್ಷನ್‌ನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಉಂಟು. ಕಿಲೋಗೆ 0.2 ಮಿ.ಗ್ರಾಂ ಲೆಕ್ಕದಲ್ಲಿ 15 ಕಿಲೋ ನಾಯಿಗೆ 0.3 ಮಿ.ಲೀ. ಮಾತ್ರ. ಅಂದಾಜಿಗೆ ಒಂದು ಮಿ.ಲೀ. ಸುರಿದರೆ ಮೂರು ಪಟ್ಟು ದಾಟಿತು, ಇನ್ನು ಕೋಲಿ (Collie) ತಳಿಯ ರಕ್ತ ಬೆರೆತ ನಾಯಿ ಸರಿಯಾದ ಡೋಸಿಗೇ ಕೋಮಾಕ್ಕೆ ಹೋಗಬಹುದು. ಇಷ್ಟಾಗಿಯೂ ಉಣ್ಣೆಗೆ ಅದು ಒಳ್ಳೆಯ ಮದ್ದಲ್ಲ. ಅದರ ಬದಲು ನಾಲ್ವರು ದುಡ್ಡು ಸೇರಿಸಿ 500 ಮಿ.ಗ್ರಾಂ ಫ್ಲುರಲೇನರ್ ತಂದು 10ರಿಂದ 20 ಕಿಲೋ ನಾಯಿಗೆ ಒಂದೊಂದು ತಿನ್ನಿಸಿ. ಎದುರು ನಿಂತು ತಿನ್ನಿಸಬೇಕು, ಇಲ್ಲದಿದ್ದರೆ ಗುಂಪಿನ ಗಟ್ಟಿ ನಾಯಿ ನಾಲ್ಕನ್ನೂ ನುಂಗುತ್ತದೆ.

ಠಾಣೆ ಸೊಸೈಟಿ

ಕಣ್ಣು ಹಳದಿ, ಮೂತ್ರ ಕಾಫಿ ಬಣ್ಣ. ಇದೂ ಬೇಬಿಸಿಯಾನೇ?

ಮುಲುಂಡ್ ವೆಟ್

ಇರಬಹುದು. ಆದರೆ ನೆರೆ ನೀರು ನಿಂತ ವಾರದಲ್ಲಿ ಇಲಿಜ್ವರವನ್ನು (ಲೆಪ್ಟೊಸ್ಪೈರೋಸಿಸ್, ಲೆಪ್ಟೊ) ಮೊದಲು ಅನುಮಾನಿಸಿ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿದ್ದು, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಅಷ್ಟೇನೂ ಬೀಳದಿದ್ದರೆ ಲೆಪ್ಟೊ ಕಡೆಗೆ ವಾಲುತ್ತದೆ. ಪಿಸಿವಿ 20ಕ್ಕೆ ಇಳಿದು, ಗುಲ್ಮ ಊದಿದ್ದರೆ ಬೇಬಿಸಿಯಾ. ಎರಡೂ ಒಟ್ಟಿಗೆ ಇರುವುದೂ ಉಂಟು. ಪರೀಕ್ಷೆ ಬರುವವರೆಗೆ ಮೂತ್ರವನ್ನು ಕೈಗವಸಿಲ್ಲದೆ ಮುಟ್ಟಬೇಡಿ, ಲೆಪ್ಟೊ ಮನುಷ್ಯರಿಗೂ ದಾಟುತ್ತದೆ. ನೆಲವನ್ನು ಬ್ಲೀಚ್ ನೀರಿನಿಂದ ಒರೆಸಿ. ಈ ನಾಯಿಯನ್ನು ನಾಳೆ ಬೆಳಗ್ಗೆವರೆಗೆ ಇಟ್ಟುಕೊಳ್ಳಬೇಡಿ, ಇವತ್ತೇ ಒಯ್ಯಿರಿ. ಪಿಸಿವಿ 15ರ ಹತ್ತಿರ ಇಳಿದರೆ ರಕ್ತ ಕೊಡಬೇಕಾಗುತ್ತದೆ, ದಾನಿ ನಾಯಿ ಹುಡುಕಲು ಹೊತ್ತು ಬೇಕು.

ಡೊಂಬಿವಲಿ ಅಕ್ಕ

ಸ್ಪ್ರೇ ದಿನದ್ದು ಒಂದು ಬಿಟ್ಟುಹೋಗಿತ್ತು. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಏರ್ ಪಂಪ್ ಆಫ್ ಮಾಡಿ, ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪ್ ಹಚ್ಚಿ, ಆಗುವುದಾದರೆ ತೊಟ್ಟಿಯನ್ನೇ ಹೊರಗಿಡಿ. ಡೆಲ್ಟಾಮೆಥ್ರಿನ್ ಮೀನಿಗೆ ಕಡು ವಿಷ, ಪಂಪ್ ಓಡುತ್ತಿದ್ದರೆ ಕೋಣೆಯ ಗಾಳಿಯನ್ನೇ ನೀರಿಗೆ ಎಳೆಯುತ್ತದೆ. ನೆಲ ಪೂರ್ತಿ ಒಣಗಿ, ಕಿಟಕಿ ತೆರೆದು ಗಾಳಿ ಆಡಿದ ಮೇಲೆ ನಾಯಿ, ಬೆಕ್ಕು ಒಳಗೆ. ಮಳೆಗಾಲದಲ್ಲಿ ಒಣಗಲು ಆರು ಗಂಟೆ ಇಟ್ಟುಕೊಳ್ಳಿ.